ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು ಲ್ಯಾಬ್‌ನ ಸಿಂಕ್ ನೋಡಿ

ಪ್ರಶ್ನೆ: ನಾನು ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ, ಮೂರು ವರ್ಷ ಸಂಶೋಧನಾ ಲ್ಯಾಬ್‌ನಲ್ಲಿ ಕೆಲಸ ಮಾಡಿದ್ದೇನೆ. ಈಗ ಒಂದು ಸ್ವತಂತ್ರ ಶಾಲೆಯವರು ಹೈಸ್ಕೂಲ್ ಬಯಾಲಜಿ ಟೀಚರ್ ಕೆಲಸಕ್ಕೆ ಕರೆದಿದ್ದಾರೆ. ಶಿಕ್ಷಕ ತರಬೇತಿ ಆಗಿಲ್ಲ ಎಂದರೆ ಪರವಾಗಿಲ್ಲ ಎಂದರು. "ಪಾಠ ಹೇಗೆ ಮಾಡಬೇಕು ಅನ್ನೋದು ಪೂರ್ತಿ ನಿಮ್ಮಿಷ್ಟ" ಅಂತಲೂ ಹೇಳಿದರು. ಇದನ್ನು ನಂಬಬಹುದೇ? ಆ ಕೆಲಸ ದಿನನಿತ್ಯ ಹೇಗಿರುತ್ತದೆ? ಒಪ್ಪಿಕೊಳ್ಳುವ ಮೊದಲು ಏನೇನು ಕೇಳಬೇಕು?

ಉತ್ತರ: ನಂಬಬಹುದು. ನಾನು ಇಂಥ ಎರಡು ಶಾಲೆಗಳಲ್ಲಿ ಸೇರಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬಯಾಲಜಿ ಕಲಿಸಿದ್ದೇನೆ. ಎರಡೂ ಕಡೆ ಇದೇ ಮಾತು ಹೇಳಿದ್ದರು, ಎರಡೂ ಕಡೆ ಅದು ಸುಳ್ಳಾಗಲಿಲ್ಲ. ಆದರೆ ಒಂದು ವಿಷಯ ಯಾರೂ ಹೇಳಿರಲಿಲ್ಲ. "ನಿಮ್ಮಿಷ್ಟ" ಅನ್ನುವುದು ಸಿಗುವುದು ಸುಲಭ, ಅದನ್ನು ಬಳಸಲು ಬೇಕಾದ ಸಮಯ ಸಿಗುವುದು ಕಷ್ಟ. ಬಯಾಲಜಿಗೆ ಈ ಸಮಯದ ಲೆಕ್ಕ ಬೇರೆ ವಿಷಯಗಳಿಗಿಂತ ಬಿಗಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಶಿಕ್ಷಕ ತರಬೇತಿ ಡಿಗ್ರಿಯ ವಿಷಯ ಮುಗಿಸಿಬಿಡೋಣ. ಸ್ವತಂತ್ರ ಶಾಲೆ ಎಂದರೆ ಸರ್ಕಾರ ನಡೆಸದ ಶಾಲೆ. ಅದಕ್ಕೆ ತನ್ನದೇ ಆಡಳಿತ ಮಂಡಳಿ ಇರುತ್ತದೆ. ಖರ್ಚು ಹೆಚ್ಚಾಗಿ ಫೀಸ್‌ನಿಂದ ನಡೆಯುತ್ತದೆ, ಕೆಲವು ಕಡೆ ದತ್ತಿಯ ದುಡ್ಡೂ ಇರುತ್ತದೆ. ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂಬುದರಲ್ಲಿ ಇಂಥ ಶಾಲೆಗಳಿಗೆ ಎಷ್ಟು ಸ್ವಾತಂತ್ರ್ಯ ಇದೆ ಅನ್ನುವುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಇಂಗ್ಲೆಂಡಿನಲ್ಲಿ ಸ್ವತಂತ್ರ ಶಾಲೆಯ ಶಿಕ್ಷಕರಿಗೆ ಸರ್ಕಾರಿ ಅರ್ಹತಾ ಪತ್ರ ಕಾನೂನಿನ ಪ್ರಕಾರ ಕಡ್ಡಾಯವಲ್ಲ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲೂ ಹಾಗೆಯೇ. ನೀವಿರುವ ಕಡೆಯ ನಿಯಮವನ್ನು ಶಾಲೆಯವರ ಬಾಯಿಂದ ಕೇಳಬೇಡಿ, ನೀವೇ ಓದಿ ನೋಡಿ. ಇವತ್ತು ಇವರು ಪರವಾಗಿಲ್ಲ ಅನ್ನುತ್ತಾರೆ. ಐದು ವರ್ಷದ ನಂತರ ಬೇರೆ ಶಾಲೆಗೆ ಹೋಗುವಾಗ ಅದೇ ಡಿಗ್ರಿ ಇಲ್ಲದಿರುವುದು ಅಡ್ಡ ಬರಬಹುದು. ಕೆಲಸದ ಜೊತೆಗೇ ತರಬೇತಿ ಮುಗಿಸಲು ಶಾಲೆ ಸಹಾಯ ಮಾಡುತ್ತದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಈಗ "ನಿಮ್ಮಿಷ್ಟ" ಎಂಬ ಮಾತಿಗೆ ಬರೋಣ. ಹೈಸ್ಕೂಲಿನ ಮೊದಲ ಎರಡು ವರ್ಷ ಆ ಮಾತು ಅಕ್ಷರಶಃ ನಿಜ. ಜೀವಕೋಶದಿಂದ ಶುರು ಮಾಡಿ ಪರಿಸರಕ್ಕೆ ಬನ್ನಿ, ಇಲ್ಲವೇ ಕೆರೆಯಿಂದ ಶುರು ಮಾಡಿ ಜೀವಕೋಶಕ್ಕೆ ಇಳಿಯಿರಿ, ಯಾರೂ ಕೇಳುವುದಿಲ್ಲ. ಕೊನೆಯ ಎರಡು ವರ್ಷದಲ್ಲಿ ಮಾತ್ರ ಹೊರಗಿನ ಪರೀಕ್ಷೆ ಬಂದು ಕೂರುತ್ತದೆ. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ) ಇರುವ ಶಾಲೆಯಾದರೆ ಎರಡು ವರ್ಷದಲ್ಲಿ ಹೈಯರ್ ಲೆವೆಲ್‌ಗೆ 240 ಗಂಟೆ, ಸ್ಟ್ಯಾಂಡರ್ಡ್ ಲೆವೆಲ್‌ಗೆ 150 ಗಂಟೆ ಪಾಠ ಎಂದು ನಿಗದಿ ಇದೆ. ವಿದ್ಯಾರ್ಥಿ ತಾನೇ ಮಾಡಿ ಬರೆಯುವ ಪ್ರಯೋಗದ ವರದಿಗೆ ಒಟ್ಟು ಅಂಕದ 20 ಶೇಕಡ. ಎಪಿ ಬಯಾಲಜಿ (ಅಮೆರಿಕದ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಕೋರ್ಸ್) ಕಲಿಸುವ ಕಡೆ ಪಾಠದ ಸಮಯದ ಕನಿಷ್ಠ ಕಾಲು ಭಾಗ ಲ್ಯಾಬ್‌ನಲ್ಲಿ ಕಳೆಯಬೇಕು. ಓದಲು ಇದೆಲ್ಲ ಚೆನ್ನಾಗಿದೆ. ಆದರೆ ಸ್ವತಂತ್ರ ಶಾಲೆಯ ಕ್ಯಾಲೆಂಡರ್‌ನಲ್ಲಿ ಕ್ರೀಡಾಕೂಟ ಇರುತ್ತದೆ, ನಾಟಕದ ವಾರ ಇರುತ್ತದೆ, ಸ್ಥಾಪಕರ ದಿನ ಇರುತ್ತದೆ, ಶೈಕ್ಷಣಿಕ ಪ್ರವಾಸ ಇರುತ್ತದೆ. ಪ್ರತಿಯೊಂದಕ್ಕೂ ನಿಮ್ಮ ಪೀರಿಯಡ್ ಹೋಗುತ್ತದೆ. ನಾನು ಪ್ರತಿ ವರ್ಷದ ಶುರುವಿನಲ್ಲಿ ಟೈಮ್‌ಟೇಬಲ್ ಹಿಡಿದು ಗಂಟೆ ಲೆಕ್ಕ ಹಾಕುತ್ತೇನೆ, ಆಮೇಲೆ ಅದರಿಂದ ಆರನೇ ಒಂದು ಭಾಗ ಕಳೆದುಬಿಡುತ್ತೇನೆ. ಉಳಿದದ್ದಷ್ಟೇ ನನ್ನದು. ಈ ಲೆಕ್ಕ ಒಮ್ಮೆಯೂ ನನಗೆ ಮೋಸ ಮಾಡಿಲ್ಲ.

ಇನ್ನು ಬಯಾಲಜಿಯದೇ ಆದ ತಾಪತ್ರಯ. ಕೆಮಿಸ್ಟ್ರಿಯವರ ಬಾಟಲಿ ಕಪಾಟಿನಲ್ಲಿ ತಿಂಗಳುಗಟ್ಟಲೆ ಕಾಯುತ್ತದೆ. ಫಿಸಿಕ್ಸ್‌ನವರ ಲೋಲಕ ಎಂದೂ ಸಾಯುವುದಿಲ್ಲ. ನಮ್ಮ ಸಾಮಾನು ಜೀವಂತ ಇರಬೇಕು, ಅದೂ ಗುರುವಾರ ಮೂರನೇ ಪೀರಿಯಡ್‌ಗೆ ಸರಿಯಾಗಿ.

ಈರುಳ್ಳಿ ಬೇರಿನಲ್ಲಿ ಕೋಶವಿಭಜನೆ ತೋರಿಸುವ ಹಳೆಯ ಪ್ರಯೋಗವನ್ನೇ ನೋಡಿ. ಗುರುವಾರದ ಕ್ಲಾಸ್‌ಗೆ ಸೋಮವಾರವೇ ಈರುಳ್ಳಿಯನ್ನು ನೀರಿನ ಮೇಲೆ ಕೂರಿಸಬೇಕು. ಬೇರು ಬರಲು ಎರಡು ಮೂರು ದಿನ ಬೇಕು. ಸೋಮವಾರ ರಜೆ ಬಂದರೆ ಭಾನುವಾರ ನೀವೇ ಹೋಗಿ ಕೂರಿಸಬೇಕು. ಎರಡು ಈರುಳ್ಳಿ ಸಾಲದು, ಆರಾದರೂ ಇಡಿ, ಅದರಲ್ಲಿ ಒಂದೆರಡು ಮುಷ್ಕರ ಹೂಡುತ್ತವೆ. ಕೋಶಗಳು ವಿಭಜನೆಯಾಗುತ್ತಿರುವುದು ಬೇರಿನ ತುದಿಯ ಎರಡು ಮೂರು ಮಿಲಿಮೀಟರ್‌ನಲ್ಲಿ ಮಾತ್ರ. ಮಕ್ಕಳು ಉದಾರವಾಗಿ ಒಂದು ಸೆಂಟಿಮೀಟರ್ ಕತ್ತರಿಸಿ, ಯಾವುದು ತುದಿ ಎಂದೇ ಮರೆತು, ಮೇಲಿನ ತುಂಡನ್ನು ಸ್ಲೈಡಿಗೆ ಹಾಕುತ್ತಾರೆ. ಕಾಣುವುದು ಉದ್ದುದ್ದ ಸುಮ್ನೆ ಮಲಗಿರುವ ಕೋಶಗಳು. "ಸರ್, ಏನೂ ಇಲ್ಲ!" ಅದಕ್ಕೇ ನಾನು ಈಗ ಕತ್ತರಿಸುವ ಮೊದಲೇ ತುದಿಗೆ ಬಣ್ಣ ಹಾಕಿಸುತ್ತೇನೆ. ಅಸಿಟೋಕಾರ್ಮೈನ್ ಎಂಬ ಆ ಬಣ್ಣ ತುದಿಯಲ್ಲೇ ಹೆಚ್ಚು ಗಾಢವಾಗಿ ಹಿಡಿಯುತ್ತದೆ, ಯಾವ ತುಂಡು ಬೇಕು ಅನ್ನುವುದು ಕಣ್ಣಿಗೇ ಕಾಣುತ್ತದೆ. ಇದು ಯಾವ ಪುಸ್ತಕದಿಂದಲೂ ಬಂದ ಜಾಣತನವಲ್ಲ, ಮೂರು ವರ್ಷ ಹಾಳಾದ ಸ್ಲೈಡ್‌ಗಳಿಂದ ಬಂದದ್ದು.

ಹಣ್ಣಿನ ನೊಣ ಇನ್ನೂ ಒಂದು ಕೈ ಮೇಲೆ. ನೀವು ಸಂಶೋಧನಾ ಲ್ಯಾಬ್‌ನಿಂದ ಬರುತ್ತಿದ್ದೀರಿ, ಡ್ರೋಸೋಫಿಲ (ಇದೇ ಹಣ್ಣಿನ ನೊಣ) ಕ್ರಾಸ್, ಅಂದರೆ ತಳಿ ಬೆರಕೆ, ಮಾಡಿಸುವ ಆಸೆ ಖಂಡಿತ ಬರುತ್ತದೆ. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು 10 ದಿನ. ಎರಡು ತಲೆಮಾರು ಎಂದರೆ ಮೂರು ನಾಲ್ಕು ವಾರ. ಕ್ರಾಸ್‌ಗೆ ಇನ್ನೂ ಗಂಡಿನ ಜೊತೆ ಕೂಡಿರದ ಹೆಣ್ಣು ನೊಣವೇ ಬೇಕು. ಅದನ್ನು ಪ್ಯೂಪಾ ಗೂಡಿನಿಂದ ಹೊರಬಂದ ಎಂಟು ಗಂಟೆಯೊಳಗೆ ಬೇರೆ ಮಾಡಬೇಕು. ಶಾಲೆಯ ಗಂಟೆಗೂ ನೊಣದ ಗಂಟೆಗೂ ಹೊಂದುವುದಿಲ್ಲ. ನಾನು ಒಂದು ವರ್ಷ ಬೆಳಗ್ಗೆ ಆರೂವರೆಗೆ ಹೋಗಿ ನೊಣ ಆರಿಸಿದೆ. ಫಲಿತಾಂಶ ಬಂದ ವಾರವೇ ನಾಟಕದ ರಿಹರ್ಸಲ್ ಇತ್ತು, ಅರ್ಧ ಕ್ಲಾಸ್ ಇರಲಿಲ್ಲ. ಮಾಡಬೇಡಿ ಅನ್ನುತ್ತಿಲ್ಲ. ಮೊದಲ ವರ್ಷ ಮಾಡಬೇಡಿ.

ದ್ಯುತಿಸಂಶ್ಲೇಷಣೆ ತೋರಿಸಲು ನೀರಿನ ಗಿಡ ಬಿಡುವ ಗುಳ್ಳೆ ಎಣಿಸುವ ಪ್ರಯೋಗವೂ ಪಠ್ಯದಲ್ಲಿ ಕಾಣುವಷ್ಟು ಸಾಧು ಅಲ್ಲ. ಗಿಡ ತಾಜಾ ಇಲ್ಲದಿದ್ದರೆ ನಲವತ್ತು ನಿಮಿಷದಲ್ಲಿ ನಾಲ್ಕು ಗುಳ್ಳೆ. ಅದರ ಬದಲು ಪಾಲಕ್ ಎಲೆಯಿಂದ ಪುಟ್ಟ ಬಿಲ್ಲೆಗಳನ್ನು ಕತ್ತರಿಸಿ, ಅಡುಗೆ ಸೋಡಾ ಕರಗಿಸಿದ ನೀರಿನ ಜೊತೆ ಸಿರಿಂಜ್‌ಗೆ ಹಾಕಿ. ಸಿರಿಂಜಿನ ಬಾಯಿಯನ್ನು ಬೆರಳಲ್ಲಿ ಮುಚ್ಚಿ ಪಿಸ್ಟನ್ ಎಳೆದರೆ ಎಲೆಯೊಳಗಿನ ಗಾಳಿ ಹೊರಗೆ ಬಂದು ಬಿಲ್ಲೆಗಳು ಮುಳುಗುತ್ತವೆ. ಬೆಳಕಿಗೆ ಇಟ್ಟರೆ ಆಮ್ಲಜನಕ ತುಂಬಿಕೊಂಡು ಒಂದೊಂದಾಗಿ ಮೇಲೆದ್ದು ಬರುತ್ತವೆ. ಹದಿನೈದು ವರ್ಷದ ಹುಡುಗರು ಎಲೆ ಚೂರಿಗೆ "ಏಳು, ಏಳು" ಎಂದು ಕೂಗುವುದನ್ನು ನೀವು ಒಮ್ಮೆ ನೋಡಬೇಕು.

ಇದನ್ನೆಲ್ಲ ಇಷ್ಟು ಉದ್ದ ಹೇಳಿದ್ದು ಯಾಕೆ ಎಂದರೆ, ಈ ತಯಾರಿಯ ಗಂಟೆಗಳು ಟೈಮ್‌ಟೇಬಲ್‌ನಲ್ಲಿ ಎಲ್ಲೂ ಕಾಣುವುದಿಲ್ಲ. ಲ್ಯಾಬ್ ಅಸಿಸ್ಟೆಂಟ್ ಇದ್ದಾರಾ? ಅವರು ಬಯಾಲಜಿಗೆ ಮಾತ್ರವಾ, ಮೂರೂ ವಿಜ್ಞಾನಕ್ಕೆ ಒಬ್ಬರೇನಾ? ಕೆಲವು ಕಡೆ ಅದೇ ವ್ಯಕ್ತಿ ಸ್ಟೋರ್ ಕೀಪರ್ ಕೂಡ ಆಗಿರುತ್ತಾರೆ. ಸಂಬಳದ ಮಾತು ಎತ್ತುವ ಮೊದಲು ನಾನಾದರೆ ಇದನ್ನೇ ಕೇಳುತ್ತೇನೆ. ಒಳ್ಳೆಯ ಲ್ಯಾಬ್ ಅಸಿಸ್ಟೆಂಟ್ ಎಂದರೆ ನಿಮ್ಮ ವಾರಕ್ಕೆ ಒಂದು ದಿನ ಸೇರಿಸಿದ ಹಾಗೆ.

ಲ್ಯಾಬ್ ತೋರಿಸಿ ಎಂದು ಕೇಳಿ. ತೋರಿಸುವಾಗ ಅವರು ಗೋಡೆಯ ಚಾರ್ಟ್, ಹೊಸ ಪ್ರೊಜೆಕ್ಟರ್ ತೋರಿಸುತ್ತಾರೆ. ನೀವು ಸಿಂಕ್ ನೋಡಿ. ಸಿಂಕ್ ಒಣಗಿ ಧೂಳು ಕೂತಿದ್ದರೆ ಅಲ್ಲಿ ಪ್ರಯೋಗ ನಡೆಯುತ್ತಿಲ್ಲ ಎಂದೇ ಅರ್ಥ. ಬಣ್ಣದ ಕಲೆ, ಸವೆದ ನಲ್ಲಿ, ಪಕ್ಕದಲ್ಲಿ ತೊಳೆದು ಬೋರಲು ಹಾಕಿದ ಬೀಕರ್ ಕಂಡರೆ ಖುಷಿಪಡಿ. ಆಮೇಲೆ ಒಂದು ಮೈಕ್ರೋಸ್ಕೋಪ್ ಕೈಗೆ ತೆಗೆದುಕೊಂಡು 40ರ ಆಬ್ಜೆಕ್ಟಿವ್ ಲೆನ್ಸ್ ನೋಡಿ. ಮಕ್ಕಳು ಸ್ಲೈಡಿಗೆ ಗುದ್ದಿಸುವುದು ಅದನ್ನೇ. ಅದು ಸ್ವಚ್ಛ ಇದ್ದರೆ ಯಾರೋ ಮುತುವರ್ಜಿ ವಹಿಸುತ್ತಿದ್ದಾರೆ.

ಕೊನೆಗೆ ಕಪಾಟಿನ ಮೇಲಿನ ಸಾಲು. ಹಳೆಯ ಶಾಲೆಯಾದರೆ ಅಲ್ಲಿ ಜಾಡಿಗಳು ಸಾಲಾಗಿ ಕೂತಿರುತ್ತವೆ, ಹಾವು, ಚೇಳು, ಗುರುತೇ ಸಿಗದ ಇನ್ನೇನೋ. ಮುಚ್ಚಳ ಸಡಿಲ, ದ್ರವ ಹಳದಿ. ಅದು ಫಾರ್ಮಲಿನ್, ಅಂದರೆ ಫಾರ್ಮಾಲ್ಡಿಹೈಡ್ ಕರಗಿಸಿದ ನೀರು. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತೀರ್ಮಾನಿಸಿದೆ. ಸೇರಿದ ಮೊದಲ ವಾರ ಉತ್ಸಾಹದಿಂದ ಆ ಜಾಡಿಗಳನ್ನು ತೆರೆದು ಸಿಂಕ್‌ಗೆ ಸುರಿಯಲು ಹೋಗಬೇಡಿ. ಪಟ್ಟಿ ಮಾಡಿ, ಬರಹದಲ್ಲಿ ಪ್ರಿನ್ಸಿಪಾಲರಿಗೆ ಕೊಡಿ, ರಾಸಾಯನಿಕ ತ್ಯಾಜ್ಯ ಒಯ್ಯುವವರನ್ನು ಕರೆಸಿ. ಬ್ಯಾಕ್ಟೀರಿಯಾ ಬೆಳೆಸುವ ಪ್ರಯೋಗಕ್ಕೂ ಇದೇ ಎಚ್ಚರ ಬೇಕು. ಕಾಲೇಜಿನ ಅಭ್ಯಾಸದಂತೆ 37 ಡಿಗ್ರಿಗೆ ಇಡಬೇಡಿ. ಅದು ನಮ್ಮ ಮೈಯ ಉಷ್ಣತೆ, ನಮಗೆ ರೋಗ ತರುವವು ಅಲ್ಲೇ ಚೆನ್ನಾಗಿ ಬೆಳೆಯುತ್ತವೆ. ಶಾಲೆಯಲ್ಲಿ 25 ಡಿಗ್ರಿ ದಾಟಬಾರದು. ಬೆಳೆದ ಮೇಲೆ ಪ್ಲೇಟ್ ತೆರೆಯುವಂತಿಲ್ಲ. ಎಸೆಯುವ ಮೊದಲು ಆಟೋಕ್ಲೇವ್‌ನಲ್ಲಿ (ಪ್ರೆಶರ್ ಕುಕ್ಕರಿನಂಥ ಯಂತ್ರ) 121 ಡಿಗ್ರಿಯಲ್ಲಿ 15 ನಿಮಿಷ ಇಡಬೇಕು.

ಪಾಠದ ಬಗ್ಗೆ ಒಂದು ಮಾತು. ಸಂಶೋಧನೆಯಿಂದ ಬಂದವರಿಗೆ ಗೊತ್ತಿರುವುದು ಜಾಸ್ತಿ, ಅದೇ ತೊಡಕು. ನಾನು ಮೊದಲ ವರ್ಷ ದ್ಯುತಿಸಂಶ್ಲೇಷಣೆಯನ್ನು ಕ್ಯಾಲ್ವಿನ್ ಚಕ್ರದವರೆಗೆ, ಅಂದರೆ ಗಿಡ ಸಕ್ಕರೆ ಕಟ್ಟುವ ರಾಸಾಯನಿಕ ಹಂತಗಳವರೆಗೆ, ಎಳೆದೆ. ಮಕ್ಕಳು ಎಲ್ಲವನ್ನೂ ಬರೆದುಕೊಂಡರು, ಪರೀಕ್ಷೆಯಲ್ಲಿ ಸಮೀಕರಣವನ್ನೂ ಸರಿಯಾಗಿ ಬರೆದರು. ಆಮೇಲೆ ಒಂದು ದಿನ ಸುಮ್ನೆ ಒಂದು ಕಟ್ಟಿಗೆ ತುಂಡು ತೋರಿಸಿ "ಇದರ ತೂಕ ಎಲ್ಲಿಂದ ಬಂತು?" ಎಂದು ಕೇಳಿದೆ. ಮುಕ್ಕಾಲು ಕ್ಲಾಸ್ "ಮಣ್ಣಿನಿಂದ" ಎಂದಿತು. ಗಾಳಿಯಿಂದ ಎಂದು ಒಬ್ಬಳು ಮಾತ್ರ ಸರಿಯಾಗಿ ಹೇಳಿದಳು, ಉಳಿದವರು ನಕ್ಕರು. ಬಾಯಿಪಾಠ ಮಾಡಿದ ಸಮೀಕರಣ ಒಂದು ಕಡೆ, ಅವರು ನಂಬಿದ್ದು ಇನ್ನೊಂದು ಕಡೆ.

ಈಗ ಆ ಪಾಠವನ್ನು ಹದಿನೇಳನೇ ಶತಮಾನದ ವಿಜ್ಞಾನಿ ವಾನ್ ಹೆಲ್ಮಾಂಟ್‌ನ ವಿಲೋ ಗಿಡದಿಂದ ಶುರು ಮಾಡುತ್ತೇನೆ. ಆತ ಸುಮಾರು 90 ಕಿಲೋ ಒಣ ಮಣ್ಣಿನಲ್ಲಿ ಸುಮಾರು 2.3 ಕಿಲೋ ತೂಕದ ಸಸಿ ನೆಟ್ಟು, ಐದು ವರ್ಷ ನೀರು ಮಾತ್ರ ಹಾಕಿದ. ಗಿಡ ಸುಮಾರು 77 ಕಿಲೋ ಆಯಿತು. ಮಣ್ಣು ಕಳೆದುಕೊಂಡದ್ದು 60 ಗ್ರಾಂಗೂ ಕಡಿಮೆ. ಅಂದರೆ ಎಲ್ಲವೂ ನೀರಿನಿಂದಲೇ ಎಂದು ಆತ ತೀರ್ಮಾನಿಸಿದ. ಆತ ತೀರಿಕೊಂಡ ಮೇಲೆ 1648ರಲ್ಲಿ ಅದು ಅಚ್ಚಾಯಿತು. ಅಳತೆ ಸರಿ, ತೀರ್ಮಾನ ತಪ್ಪು. ಎಲ್ಲಿ ತಪ್ಪಿತು ಎಂದು ಕೇಳಿದರೆ ಕ್ಲಾಸ್ ತಾನೇ ಜಗಳ ಶುರು ಮಾಡುತ್ತದೆ. ಎರಡು ಪೀರಿಯಡ್ ಹೋಗುತ್ತದೆ. ಕ್ಯಾಲ್ವಿನ್ ಚಕ್ರಕ್ಕೆ ಆ ವರ್ಷ ಜಾಗ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಸ್ವತಂತ್ರ ಶಾಲೆಯಲ್ಲಿ ನಿಮಗೆ ಸಿಗುವ ನಿಜವಾದ ಅಧಿಕಾರ ಇದು, ಏನನ್ನು ಬಿಡಬೇಕು ಎಂದು ನೀವೇ ನಿರ್ಧರಿಸುವುದು. ಹೊಸಬರು ಸೇರಿಸುತ್ತಾ ಹೋಗುತ್ತಾರೆ. ನಾನೂ ಹಾಗೇ ಮಾಡಿದೆ.

ಸಣ್ಣ ಶಾಲೆಯಲ್ಲಿ ಬಯಾಲಜಿಗೆ ನೀವೊಬ್ಬರೇ ಇರಬಹುದು. ನೀವು ತಪ್ಪು ಹೇಳಿದರೆ ಹಿಡಿಯುವವರು ಇರುವುದಿಲ್ಲ. ನಾಲಿಗೆ ಸುರುಳಿ ಮಾಡುವುದು ಒಂದೇ ಜೀನ್‌ನ ಆಟ ಎಂದು ನಾನು ವರ್ಷಗಟ್ಟಲೆ ಕಲಿಸಿದೆ. ಒಂದು ಬ್ಯಾಚ್‌ನಲ್ಲಿ ತದ್ರೂಪಿ ಅವಳಿ ಹುಡುಗಿಯರಿದ್ದರು. ಒಬ್ಬಳಿಗೆ ಸುರುಳಿ ಬರುತ್ತಿತ್ತು, ಇನ್ನೊಬ್ಬಳಿಗೆ ಇಲ್ಲ. "ಹಾಗಾದರೆ ನಾವು ಅವಳಿ ಅಲ್ವಾ ಸರ್?" ಎಂದರು. ಮನೆಗೆ ಹೋಗಿ ಹುಡುಕಿದೆ. ಅದು ಅನುವಂಶೀಯ ಗುಣ ಎಂದು ತಳಿವಿಜ್ಞಾನಿ ಸ್ಟರ್ಟೆವಂಟ್ 1940ರಲ್ಲಿ ಬರೆದಿದ್ದು ನಿಜ. ಆದರೆ ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಬಂದು ಒಬ್ಬರಿಗೆ ಬಾರದೆ ಇರುವುದುಂಟು ಎಂದು 1952ರಲ್ಲೇ ಗೊತ್ತಾಗಿತ್ತು. ಮರುದಿನ ಕ್ಲಾಸ್‌ನಲ್ಲಿ ಹೇಳಿದೆ, ನಾನು ಕಲಿಸಿದ್ದು ತಪ್ಪು ಎಂದು. ಜೊತೆಗೆ ಮನುಷ್ಯನ ಕ್ರೋಮೋಸೋಮ್ ಸಂಖ್ಯೆಯ ಕಥೆಯನ್ನೂ ಹೇಳಿದೆ. 1920ರ ದಶಕದಿಂದ ಪುಸ್ತಕಗಳಲ್ಲಿ 48 ಎಂದೇ ಇತ್ತು, 1956ರಲ್ಲಿ ಚ್ಯೋ ಮತ್ತು ಲೆವಾನ್ ಎಂಬ ವಿಜ್ಞಾನಿಗಳು 46 ಎಂದು ತೋರಿಸುವವರೆಗೆ. ಈಗ ನಾನು ಬೇರೆ ಶಾಲೆಯ ಒಬ್ಬ ಬಯಾಲಜಿ ಟೀಚರ್ ಜೊತೆ ಪ್ರಶ್ನೆಪತ್ರಿಕೆ ಅದಲು ಬದಲು ಮಾಡಿಕೊಳ್ಳುತ್ತೇನೆ. ಅವರು ನನ್ನದರಲ್ಲಿ ತಪ್ಪು ಹುಡುಕುತ್ತಾರೆ, ನಾನು ಅವರದರಲ್ಲಿ. ನೀವೂ ಅಂಥ ಒಬ್ಬರನ್ನು ಹುಡುಕಿಕೊಳ್ಳಿ.

ಜೆನೆಟಿಕ್ಸ್ ಪಾಠದಲ್ಲೇ ಇನ್ನೊಂದು. ಮನೆಯವರ ರಕ್ತದ ಗುಂಪು, ಕಿವಿ ಹಾಲೆ, ಕಣ್ಣಿನ ಬಣ್ಣ ಬರೆದು ತನ್ನಿ ಎನ್ನುವ ಹೋಮ್‌ವರ್ಕ್ ಕೊಡಲೇಬೇಡಿ. ಕ್ಲಾಸ್‌ನಲ್ಲಿ ದತ್ತು ಮಕ್ಕಳು ಇರುತ್ತಾರೆ, ತಂದೆ ಯಾರೆಂದು ಗೊತ್ತಿಲ್ಲದ ಮಕ್ಕಳು ಇರುತ್ತಾರೆ, ಲೆಕ್ಕ ತಾಳೆಯಾಗದೆ ಮನೆಯಲ್ಲಿ ರಾದ್ಧಾಂತ ಆಗುವುದೂ ಉಂಟು. ಕಟ್ಟುಕತೆಯ ಒಂದು ಕುಟುಂಬ ಕೊಟ್ಟರೆ ಅದೇ ಪಾಠ ಆಗುತ್ತದೆ.

ಬಯಾಲಜಿ ಬಿಟ್ಟು ಉಳಿದ ಕೆಲಸ? ಅದು ಅರ್ಧದಷ್ಟಿದೆ. ಕ್ಲಾಸ್ ಟೀಚರ್ ಜವಾಬ್ದಾರಿ, ಸಂಜೆಯ ಆಟ, ಕ್ಲಬ್, ಹಾಸ್ಟೆಲ್ ಇದ್ದರೆ ರಾತ್ರಿ ಡ್ಯೂಟಿ, ವಿದೇಶದ ಕಾಲೇಜಿಗೆ ಹೋಗುವವರಿಗೆ ಶಿಫಾರಸು ಪತ್ರ. ಪತ್ರಗಳು ಒಟ್ಟಿಗೆ ಬಂದು ಬೀಳುತ್ತವೆ, ಒಂದೊಂದನ್ನೂ ಮನಸ್ಸಿಟ್ಟು ಬರೆದರೆ ಎರಡು ಗಂಟೆ ಬೇಕು. ಪೋಷಕರು ಫೀಸ್ ಕಟ್ಟಿರುತ್ತಾರೆ, ಅಂಕ ಕಡಿಮೆಯಾದರೆ ನೇರವಾಗಿ ನಿಮಗೇ ಬರೆಯುತ್ತಾರೆ. ಹೆಚ್ಚಿನವರು ಒಳ್ಳೆಯವರು. ಮೊದಲ ತಿಂಗಳಲ್ಲೇ ಅಂಕ ಹೇಗೆ ಕೊಡುತ್ತೇನೆ ಎಂದು ಬರೆದು ಕಳಿಸಿಬಿಟ್ಟರೆ ಮುಕ್ಕಾಲು ಜಗಳ ಹುಟ್ಟುವುದೇ ಇಲ್ಲ.

ಹಾಗಾಗಿ ಕೇಳಬೇಕಾದದ್ದು ಇವು. ವಾರಕ್ಕೆ ಎಷ್ಟು ಪೀರಿಯಡ್ ಎಂದು ಎಲ್ಲರೂ ಕೇಳುತ್ತಾರೆ. ನೀವು ಎಷ್ಟು ಬೇರೆ ಬೇರೆ ಪಾಠ ಎಂದು ಕೇಳಿ. ಒಂದೇ ಪಾಠವನ್ನು ನಾಲ್ಕು ಸೆಕ್ಷನ್‌ಗೆ ಮಾಡುವುದಕ್ಕೂ, ನಾಲ್ಕು ತರಗತಿಗೆ ನಾಲ್ಕು ಪಾಠ ತಯಾರು ಮಾಡುವುದಕ್ಕೂ ಅಜಗಜಾಂತರ. ಮೊದಲ ವರ್ಷ ಎರಡಕ್ಕಿಂತ ಹೆಚ್ಚು ಕೊಟ್ಟರೆ ಚೌಕಾಸಿ ಮಾಡಿ, ಸಂಬಳಕ್ಕಿಂತ ಮೊದಲು ಇದಕ್ಕೆ. ಲ್ಯಾಬ್‌ಗೆ ಜೋಡಿ ಪೀರಿಯಡ್ ಇದೆಯೇ? ನಲವತ್ತು ನಿಮಿಷದಲ್ಲಿ ಈರುಳ್ಳಿ ಬೇರು ಮುಗಿಯುವುದಿಲ್ಲ. ಒಂದು ಬ್ಯಾಚ್‌ನಲ್ಲಿ ಎಷ್ಟು ಮಕ್ಕಳು? ಲ್ಯಾಬ್ ಖರ್ಚಿಗೆ ಮೊದಲು ಕೈಯಿಂದ ಹಾಕಿ ಆಮೇಲೆ ಬಿಲ್ ಕೊಡಬೇಕೇ, ಮುಂಗಡ ಸಿಗುತ್ತದೆಯೇ? ವಿಕಾಸವಾದ ಅಥವಾ ಸಂತಾನೋತ್ಪತ್ತಿ ಪಾಠದ ಬಗ್ಗೆ ಕಳೆದ ಸಲ ದೂರು ಬಂದಾಗ ಶಾಲೆ ಏನು ಮಾಡಿತು? ಇದನ್ನು ಹೀಗೇ ಕೇಳಿ, "ಏನು ಮಾಡುತ್ತೀರಿ" ಎಂದಲ್ಲ, "ಏನು ಮಾಡಿದಿರಿ" ಎಂದು. ಕರಾರು ಎಷ್ಟು ವರ್ಷದ್ದು, ಪ್ರೊಬೇಷನ್ ಎಷ್ಟು, ನೋಟಿಸ್ ಎಷ್ಟು, ನಿವೃತ್ತಿ ನಿಧಿ ಇದೆಯೇ, ಇದು ಬರಹದಲ್ಲಿ ಇರಲಿ. "ಶಾಲೆ ವಹಿಸುವ ಇತರ ಕೆಲಸಗಳು" ಎಂಬ ಸಾಲು ಕಂಡರೆ ಅದರ ಪಕ್ಕ ಬೆರಳಿಟ್ಟು, ಈ ವರ್ಷ ಯಾವ್ಯಾವು ಎಂದು ಕೇಳಿ. ಸಾಧ್ಯವಾದರೆ ನಿಮಗಿಂತ ಮೊದಲು ಆ ಜಾಗದಲ್ಲಿದ್ದವರ ಜೊತೆ ಹತ್ತು ನಿಮಿಷ ಮಾತಾಡಿ. ಅವರು ಯಾಕೆ ಬಿಟ್ಟರು ಎನ್ನುವುದಕ್ಕಿಂತ, ಅವರಿದ್ದಾಗ ವರ್ಷಕ್ಕೆ ಎಷ್ಟು ಪ್ರಯೋಗ ನಡೆಯುತ್ತಿತ್ತು ಎಂದು ಕೇಳಿದರೆ ಜಾಸ್ತಿ ತಿಳಿಯುತ್ತದೆ.

ಡೆಮೊ ಕ್ಲಾಸ್ ಮಾಡಿ ಎಂದು ಖಂಡಿತ ಕರೆಯುತ್ತಾರೆ. ಸ್ಲೈಡ್ ಶೋ ಒಯ್ಯಬೇಡಿ. ಒಂದು ಕಟ್ಟಿಗೆ ತುಂಡು, ಒಂದು ಬೀಜ ಒಯ್ಯಿರಿ. ಎರಡನ್ನೂ ಮೇಜಿನ ಮೇಲಿಟ್ಟು, ತೂಕ ಎಲ್ಲಿಂದ ಬಂತು ಎಂಬ ಆ ಪ್ರಶ್ನೆ ಕೇಳಿ, ಉತ್ತರಗಳನ್ನು ಬೋರ್ಡಿನ ಮೇಲೆ ಬರೆಯಿರಿ, ಯಾವುದನ್ನೂ ಸರಿ ತಪ್ಪು ಎನ್ನಬೇಡಿ. ಮಕ್ಕಳು ಮಾತಿಗಿಳಿದ ಮೇಲೆ, ಒಂದು ಸಲ ಹಿಂದಿನ ಬೆಂಚಿನಲ್ಲಿ ಕೂತಿರುವ ಪ್ರಿನ್ಸಿಪಾಲರ ಮುಖ ನೋಡಿ. ಅವರೂ ಉತ್ತರ ಯೋಚಿಸುತ್ತಿದ್ದರೆ ಆ ಶಾಲೆಗೆ ಸೇರಿ. ಗಡಿಯಾರ ನೋಡುತ್ತಿದ್ದರೆ ಮತ್ತೆ ಒಂದು ವಾರ ಸಮಯ ಕೇಳಿ.